ಬಾರ್ಡರ್ ಫೋನು

ನಮ್ಮ ಮನೆಯ ಬೀರುವಿನ ಕೆಳಗಿನ ಅರೆಯಲ್ಲಿ ಹಿಮಾಲಯ ಇದೆ. ನಂಬಿಕೆ ಬರದಿದ್ದರೆ ಹೊಳಲ್ಕೆರೆ ಕಡೆ ಬಂದಾಗ ಮನೆಗೆ ಬನ್ನಿ, ತೋರಿಸುತ್ತೇನೆ. ಉಣ್ಣೆಯ ಕೈಗವಸು, ಮೊಣಕಾಲು ಮುಟ್ಟುವ ಕಾಲುಚೀಲ, ಕಿವಿ ಮುಚ್ಚಿ ಕಣ್ಣು, ಬಾಯಿ ಮಾತ್ರ ಬಿಡುವ ಟೋಪಿ (ಬಾಯಿ ಬಿಟ್ಟದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನನಗೆ ಅದು ಹೊಂದುತ್ತಲೇ ಇರಲಿಲ್ಲ), ನನಗೆ ಸುತ್ತಿ ಪಕ್ಕದವರಿಗೂ ಮಿಗುವಷ್ಟು ಉದ್ದದ ಮಫ್ಲರ್. ನಮ್ಮ ಕಡೆ ಚಳಿ ಎಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವುದು. ಮೊನ್ನೆ ಬೀರು ಜೋಡಿಸಲು ಕೂತ ನಮ್ಮನೆಯವರು ಒಂದು ಕೈಗವಸನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಯಾವ ಯುದ್ಧಕ್ಕೆ ಅಂತ ಇಟ್ಕಂಡಿದ್ದೀಯ?" ಎಂದು ಕೇಳಿದರು. ಕುಕ್ಕರ್ ಇಳಿಸುವ ಯುದ್ಧಕ್ಕೆ ಎಂದೆ. ಅವರು ಮಡಚಿ ಒಳಗಿಟ್ಟರು. ನನ್ನ ಮನಸ್ಸು ಮಾತ್ರ ಆಮೇಲೆ ಬೀರುವಿನ ಹತ್ತಿರ ನಿಲ್ಲಲಿಲ್ಲ, ಶಾಲೆಯ ಕಡೆ ಓಡಿಹೋಯಿತು.

ತಪ್ಪು ತಿಳಿಯಬೇಡಿ, ನಾನು ಸೇನೆಯಲ್ಲಿದ್ದವಳಲ್ಲ. ನನ್ನ ಸೇವೆಯೆಲ್ಲ ಕಳೆದದ್ದು ತಾಳ್ಯದ ಆಚೆ, ಬಂಡೆಗುಂಡುಗಳ ನಡುವೆ ಇರುವ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ. ಮೊದಲು ಟೀಚರ್, ಆಮೇಲೆ ಹೆಡ್‌ಮಿಸ್, ಈಗ ನಿವೃತ್ತೆ, ಅಂದರೆ ಮನೆಯವರೊಬ್ಬರಿಗೇ ಪಾಠ ಮಾಡುವವಳು. ಆ ಊರಿನಲ್ಲಿ ಮನೆಮನೆಗೂ ಕುರಿ, ಎರಡು ಮನೆಗೊಬ್ಬ ಸೈನಿಕ. ಹಿಂದೆ ಯಾರೋ ಒಬ್ಬ ಹುಡುಗ ಚಿತ್ರದುರ್ಗಕ್ಕೆ ಹೋಗಿ ಭರ್ತಿಯ ಓಟದಲ್ಲಿ ಗೆದ್ದು ಸೇನೆಗೆ ಸೇರಿದನಂತೆ. ಮುಂದಿನ ಕುರಿ ಹಿಡಿದ ಹಾದಿಯನ್ನೇ ಹಿಂದಿನವೂ ಹಿಡಿಯುವ ಊರಲ್ಲವೇ, ಅವನ ಹಿಂದೆ ಅವನ ತಮ್ಮ ಹೋದ, ತಮ್ಮನ ಹಿಂದೆ ಭಾವಮೈದ ಹೋದ, ಅವರೆಲ್ಲ ಮೀಸೆ ತಿರುವಿಕೊಂಡು ರಜಕ್ಕೆ ಬಂದದ್ದನ್ನು ನೋಡಿ ಉಳಿದವರೂ ಹೋದರು. ಹುಟ್ಟಿದಾಗಿನಿಂದ ಕುರಿಯ ಹಿಂದೆ ಗುಡ್ಡ ಹತ್ತಿ ಇಳಿದ ಕಾಲುಗಳು ಅವು. ಓಟದಲ್ಲಿ ಅವರನ್ನು ಹಿಡಿಯಲು ಬಯಲುಸೀಮೆಯ ಬೇರೆ ಹುಡುಗರಿಗೆ ಆಗುತ್ತಿರಲಿಲ್ಲ.

ರಜಕ್ಕೆ ಬಂದಾಗ ಮಿಸ್‌ಗೆ ಏನಾದರೂ ತರುವುದು ಅವರ ರೂಢಿ. ಕಂಬಳಿಯಲ್ಲೇ ಹುಟ್ಟಿ ಕಂಬಳಿಯಲ್ಲೇ ಬೆಳೆದವರು, ದೇಶದ ಆ ತುದಿಯಿಂದ ನನಗೆ ಉಣ್ಣೆ ಹೊತ್ತು ತರುತ್ತಿದ್ದರು. ಬೇಡವೆನ್ನಲು ಬಾಯಿ ಬರುತ್ತದೆಯೇ? ಕಾಶ್ಮೀರದ ಕಡೆ ಇದ್ದವರು ಸಿಪ್ಪೆಸಹಿತ ಆಕ್ರೋಟು ತರುತ್ತಿದ್ದರು. ಅದನ್ನು ಒಡೆಯುವ ವಿದ್ಯೆ ಟೀಚರ್ ಟ್ರೈನಿಂಗಿನಲ್ಲಿ ಕಲಿಸಿರಲಿಲ್ಲ. ಮಕ್ಕಳು ಕಲಿತರು. ಆಫೀಸ್ ರೂಮಿನ ಬಾಗಿಲ ಸಂದಿಯಲ್ಲಿ ಆಕ್ರೋಟು ಇಟ್ಟು ಬಾಗಿಲು ಎಳೆದರೆ ಕಟಕ್ ಎನ್ನುತ್ತಿತ್ತು. ಒಂದು ವರ್ಷ ಆಕ್ರೋಟಿನ ಸುಗ್ಗಿ ಎಷ್ಟು ಜೋರಾಯಿತೆಂದರೆ ಬಾಗಿಲೇ ಕಿತ್ತು ಕೈಗೆ ಬಂತು. ತಪಾಸಣೆಗೆ ಬಂದ ಸಾಹೇಬರು ಬಾಗಿಲಿಗೆ ಏನಾಯಿತು ಎಂದು ಕೇಳಿದಾಗ, ನನ್ನ ಜೊತೆ ಕೆಲಸ ಮಾಡುತ್ತಿದ್ದ ತಿಪ್ಪೇಸ್ವಾಮಿ ಮೇಷ್ಟ್ರು ಒಂದಿಷ್ಟೂ ನಗದೆ, "ಕಾಶ್ಮೀರ ಸಮಸ್ಯೆ ಸಾರ್" ಎಂದರು.

ಸೈನಿಕರ ಮಕ್ಕಳನ್ನು ಶಾಲೆ ಹೇಗೆ ನೋಡಿಕೊಳ್ಳಬೇಕು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೀಗಾಗಿ ನಾವೇ ಕೂತು ಎರಡು ಕಾನೂನು ಮಾಡಿಕೊಂಡೆವು. ಮೊದಲನೆಯದು ಬಾರ್ಡರ್ ಫೋನಿನ ಕಾನೂನು. ಡ್ಯೂಟಿ ಮುಗಿದು, ನೆಟ್‌ವರ್ಕ್ ಸಿಕ್ಕಿ, ಅಪ್ಪಂದಿರು ಮನೆಗೆ ಫೋನ್ ಮಾಡುವ ಹೊತ್ತಿಗೆ ತಾಯಂದಿರು ಹೊಲದಲ್ಲೋ ಕುರಿಯ ಹಿಂದೋ ಇರುತ್ತಿದ್ದರು, ಮಕ್ಕಳು ಶಾಲೆಯಲ್ಲಿರುತ್ತಿದ್ದರು. ಆದ್ದರಿಂದ ಎಲ್ಲರೂ ನನ್ನ ಫೋನಿಗೇ ಮಾಡುತ್ತಿದ್ದರು. ನಮ್ಮದು ದಪ್ಪ ಕಲ್ಲಿನ ಗೋಡೆಯ ಹಳೆಯ ಕಟ್ಟಡ. ಹೊರಗೆಲ್ಲ ಸಿಗ್ನಲ್ ಸಿಕ್ಕರೆ ಒಳಗೆ ಎಲ್‌ಕೆಜಿ ರೂಮಿನ ಹಿಂದಿನ ಕಿಟಕಿಯಲ್ಲಿ ಮಾತ್ರ ಸಿಗುತ್ತಿತ್ತು. ಹಾಗಾಗಿ ಬೆಳಿಗ್ಗೆ ಬಂದ ಕೂಡಲೇ ನನ್ನ ಫೋನನ್ನು ಆ ಕಿಟಕಿಯ ಸರಳಿಗೆ ಒಂದು ಜಡೆ ರಿಬ್ಬನ್ನಿನಿಂದ ಕಟ್ಟಿಬಿಡುತ್ತಿದ್ದೆ. ನನ್ನ ತಂಗಿ, ನಾದಿನಿ, ಬ್ಯಾಂಕಿನವರು ಯಾರೇ ಮಾಡಲಿ, ಸ್ಪೀಕರಿನಲ್ಲೇ ಮಾತು. ನಮ್ಮ ಮನೆಯ ಗುಟ್ಟುಗಳೆಲ್ಲ ಎಲ್‌ಕೆಜಿ ಮಕ್ಕಳಿಗೆ ಗೊತ್ತಿದ್ದವು.

ಬಾರ್ಡರ್ ಫೋನು ಬಂತೆಂದರೆ ಪಾಠ ನಿಲ್ಲಬೇಕು. ಕಳೆಯುವ ಲೆಕ್ಕದಲ್ಲಿ ದಶಕ ಸಾಲ ಪಡೆದು ಅರ್ಧಕ್ಕೆ ನಿಂತಿದ್ದರೂ ಸರಿ, ನಿಲ್ಲಬೇಕು. ಯಾವ ತರಗತಿಯ ಮಗುವಾದರೂ ಕಿಟಕಿಗೆ ಓಡಿಬರಬೇಕು, ಯಾರ ಅಪ್ಪನಾದರೂ ಅಲ್ಲಿರುವ ಇಡೀ ತರಗತಿ ಎದ್ದು ನಿಂತು "ನಮಸ್ಕಾರ ಅಪ್ಪಾ" ಎನ್ನಬೇಕು. ಮದುವೆಯೇ ಆಗದ ಒಬ್ಬ ಚಿಕ್ಕಪ್ಪ ಅಣ್ಣನ ಮಗನನ್ನು ವಿಚಾರಿಸಲು ಫೋನ್ ಮಾಡಿ, ತರಗತಿಯಷ್ಟು ಮಕ್ಕಳು ಒಟ್ಟಿಗೆ ಅಪ್ಪಾ ಎಂದದ್ದು ಕೇಳಿ ಗಾಬರಿಯಿಂದ ಫೋನ್ ಇಟ್ಟುಬಿಟ್ಟಿದ್ದ. ಅಪ್ಪ ಅಡುಗೆಯವನಿರಲಿ, ಡ್ರೈವರ್ ಇರಲಿ, ಯಾವ ಊರಿನಲ್ಲೇ ಇರಲಿ, ಅದು ಬಾರ್ಡರ್ ಫೋನೇ. ಒಬ್ಬ ಹುಡುಗಿಯ ಅಪ್ಪ ಬೆಳಗಾವಿಯಲ್ಲಿದ್ದ. ಅದು ಬಾರ್ಡರ್ ಅಲ್ಲವಲ್ಲೇ ಎಂದು ನಾನು ರೇಗಿಸಿದರೆ ಅವಳು ಸೊಂಟಕ್ಕೆ ಕೈಯಿಟ್ಟು, "ಮ್ಯಾಪ್ ನೋಡ್ರಿ ಮಿಸ್, ತುದೀಗೆ ಐತೆ" ಎಂದು ನನಗೇ ಪಾಠ ಮಾಡಿದಳು.

ಎರಡನೆಯದು, ರಜಕ್ಕೆ ಬಂದ ಅಪ್ಪ ಒಂದು ದಿನ ಪೂರ್ತಿ ಮಗುವಿನ ಪಕ್ಕ ಬೆಂಚಿನಲ್ಲಿ ಕೂರಬೇಕು ಎನ್ನುವ ಕಾನೂನು. ಪಾಠ ಕೇಳಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಆನೆಯಂಥ ಒಬ್ಬ ಸುಬೇದಾರರು ಎರಡನೇ ತರಗತಿಯ ಬೆಂಚಿನಲ್ಲಿ ಸಿಕ್ಕಿಕೊಂಡು, ಎದ್ದಾಗ ಬೆಂಚೂ ಅವರ ಜೊತೆ ಎದ್ದಿತ್ತು. ಮಗ್ಗಿ ತಪ್ಪಿದ ಅಪ್ಪನಿಗೆ ಮಗಳೇ ಪಕ್ಕದಿಂದ ಪಿಸುಗುಟ್ಟಿ ಹೇಳಿಕೊಡುವುದನ್ನು ನೋಡಿದರೆ ನನಗೆ ಹೊಟ್ಟೆ ತುಂಬುತ್ತಿತ್ತು. ವರ್ಷದ ಬಹುಪಾಲು ದೂರವಿರುವ ಅಪ್ಪ ಒಂದು ದಿನ ಪಕ್ಕದಲ್ಲಿ ಕೂತು ಪೆದ್ದನಾದರೆ ಆ ಮಗುವಿಗೆ ಆಗುವ ಸಂತೋಷ ಅಷ್ಟಿಷ್ಟಲ್ಲ.

ನಮ್ಮ ಈ ಎರಡೂ ಕಾನೂನು ಸೋತು ಸುಣ್ಣವಾದದ್ದು ಎಲ್‌ಕೆಜಿಯ ಭೂಮಿಕಾಳ ಮುಂದೆ. ಅವಳ ಅಪ್ಪ ಸಿದ್ದೇಶ ನನ್ನ ಹಳೆಯ ಶಿಷ್ಯ. ಗುಡ್ಡದ ಈ ಕಡೆ ನಿಂತು ಆ ಕಡೆಯ ಕುರಿ ಕಾಯುವವನನ್ನು ಕೂಗಿ ಕರೆಯುವ ವಂಶದವನು, ಫೋನಿದ್ದರೂ ಕೂಗಿಯೇ ಮಾತಾಡುತ್ತಿದ್ದ. ಅವನಿದ್ದ ಜಾಗದಲ್ಲಿ ವೀಡಿಯೊ ಕಾಲ್ ಆಗುತ್ತಿರಲಿಲ್ಲ. ರಜೆ ಮುಂದಕ್ಕೆ ಹೋಗಿ, ಮತ್ತೆ ಮುಂದಕ್ಕೆ ಹೋಗಿ, ಅವನು ಮಗಳನ್ನು ಕೊನೆಗೆ ನೋಡಿದಾಗ ಅವಳಿಗೆ ತೊದಲು ಮಾತು. ಭೂಮಿಕಾಳಿಗೆ ಅಪ್ಪ ಎಂದರೆ ಕಿಟಕಿಯಲ್ಲಿ ಕಟ್ಟಿರುವ ಫೋನು. ಅದರ ಮುಂದೆ ನಿಂತು ತರಚಿದ ಮೊಣಕಾಲು, ಹುಟ್ಟಿದ ಕುರಿಮರಿ, ಜಗಳ ಮಾಡಿದ ಗೆಳತಿ ಎಲ್ಲವನ್ನೂ ಒಪ್ಪಿಸುತ್ತಿದ್ದಳು.

ಕೊನೆಗೂ ರಜೆ ಸಿಕ್ಕಿತು. ಸಿದ್ದೇಶ ಚಿಕ್ಕಜಾಜೂರಿನಲ್ಲಿ ರೈಲಿಳಿದು, ಬಸ್ಸು ಹಿಡಿದು, ದೊಡ್ಡ ಮೀಸೆ ಹೊತ್ತು ಮನೆಗೆ ಬಂದ. ಮಗಳು ಅವನನ್ನು ನೋಡಿದವಳೇ ಓಡಿಹೋಗಿ ಕುರಿಮರಿ ಕೂಡಿಹಾಕಲು ಕವುಚುವ ದೊಡ್ಡ ಬುಟ್ಟಿಯೊಳಗೆ ಮರಿಗಳ ಜೊತೆ ಕೂತುಬಿಟ್ಟಳು. ಮರುದಿನ ಶಾಲೆಗೆ ಬಂದವಳು ಏನೂ ಆಗದವಳಂತೆ ಆಡುತ್ತಿದ್ದಳು. ನನಗೆ ಈ ಕಥೆ ಗೊತ್ತಿರಲಿಲ್ಲ. ಅಪ್ಪ ಬಂದಿದ್ದಾನಲ್ಲ, ಕಾನೂನಿನ ಪ್ರಕಾರ ಬೆಂಚಿನಲ್ಲಿ ಕೂರಿಸೋಣ ಎಂದು ಕಿಟಕಿಯಿಂದಲೇ ಅವನಿಗೆ ಫೋನ್ ಮಾಡಿದೆ. "ನಮಸ್ಕಾರ ಮಿಸ್" ಎಂಬ ಅವನ ಕೂಗು ಕೇಳಿದ್ದೇ ತಡ, ಭೂಮಿಕಾ ನನ್ನನ್ನು ತಳ್ಳಿಕೊಂಡು ಮುಂದೆ ಬಂದಳು.

"ಅಪ್ಪಾ, ನಮ್ಮನೆಗೆ ಯಾವನೋ ಮೀಸೆ ಮಾವ ಬಂದವ್ನೆ. ನಮ್ಮವ್ವ ಅವನಿಗೆ ಎರಡು ಮೊಟ್ಟೆ ಹಾಕ್ತು, ನನಗೆ ಒಂದೇ. ನೀನು ಬಂದೂಕ ತಕಂಡು ಬಾ, ಓಡಿಸಾಣ."

ನಾನು ತಲೆಯೆತ್ತಿ ಬಾಗಿಲಾಚೆ ನೋಡಿದೆ. ಸಿದ್ದೇಶ ಆಟದ ಬಯಲಿನ ಆ ತುದಿಯಲ್ಲಿ, ಶಾಲೆಯ ಗೇಟಿನ ಹತ್ತಿರವೇ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದ. ಒಮ್ಮೆ ಮೀಸೆಯ ಮೇಲೆ ಕೈಯಾಡಿಸಿಕೊಂಡ. ಆಮೇಲೆ ಎಂದೂ ಇಲ್ಲದ ಮೆಲ್ಲನೆಯ ದನಿಯಲ್ಲಿ, "ಆತು ಕಣವ್ವ, ಬತ್ತೀನಿ" ಎಂದ. ಇಡೀ ತರಗತಿ ರೂಢಿಯಂತೆ "ಬೇಗ ಬಾ ಅಪ್ಪಾ" ಎಂದು ಕೂಗಿತು.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಕಾರ್ಯಾಚರಣೆ. ಮೊದಲು ಅವನನ್ನು ಬೆಂಚಿನಲ್ಲಿ ಕೂರಿಸಿದೆವು. ಭೂಮಿಕಾ ಅಡುಗೆ ಕೋಣೆಗೆ ಓಡಿ ತೊಗರಿಬೇಳೆ ಡ್ರಮ್ಮಿನ ಹಿಂದೆ ಕೂತಳು. ಮನೆಯ ಗೋಡೆಯ ಮೇಲಿನ ಫೋಟೊದಲ್ಲಿ ಅಪ್ಪ ಯೂನಿಫಾರ್ಮಿನಲ್ಲಿ ಇದ್ದಾನಲ್ಲ, ಹಾಗೇ ಬರಲಿ ಎಂದು ನಾನು ಬುದ್ಧಿ ಓಡಿಸಿದೆ. ಅವನು ಇಸ್ತ್ರಿ ಮಾಡಿದ ಯೂನಿಫಾರ್ಮಿನಲ್ಲಿ ಬಂದು ನಿಂತದ್ದೇ, ಎಲ್‌ಕೆಜಿಯವರು ಪೊಲೀಸು ಬಂದ್ರು ಎಂದು ಬೆಂಚಿನ ಕೆಳಗೆ ನುಗ್ಗಿದರು. ಪಕ್ಕದ ರೂಮಿನ ಹುಡುಗರು ಅಳುತ್ತಾ ಬಂದು, ಹಿಂದಿನ ದಿನ ಯಾರದೋ ಮರದಿಂದ ಹುಣಸೆಕಾಯಿ ಕದ್ದದ್ದನ್ನು ತಾವಾಗಿಯೇ ಒಪ್ಪಿಕೊಂಡರು.

ಸಿದ್ದೇಶನ ತಂದೆ ಬೀರಜ್ಜನಿಗೆ ಇದೆಲ್ಲ ಮಕ್ಕಳಾಟವಾಗಿ ಕಂಡಿತು. "ತಾಯಿ ಸತ್ತ ಮರೀನ ಬ್ಯಾರೆ ಕುರಿ ಹತ್ರ ಬಿಡಲ್ವಾ ಟೀಚರಮ್ಮ? ಎರಡನ್ನೂ ಒಂದೇ ಗೂಡಿಗೆ ಹಾಕಿ ಬಾಗ್ಲು ಹಾಕದು. ಒಂದು ಹೊತ್ತು ಒದಿತಾವೆ, ಆಮೇಲೆ ಹೊಂದ್ಕಂತವೆ" ಎಂದ. ನಾವು ಬೇಡವೆನ್ನುವ ಮೊದಲೇ ಮನೆಯಲ್ಲಿ ಪ್ರಯೋಗ ಮಾಡಿಯೂ ಬಿಟ್ಟ. ಮೊಮ್ಮಗಳ ಕಿರುಚಾಟಕ್ಕೆ ಅರ್ಧ ಊರು ಬಾಗಿಲಲ್ಲಿ ಸೇರಿತು. ಬಾಗಿಲು ತೆಗೆದಾಗ ಮಗಳು ಅಟ್ಟದ ಮೇಲಿದ್ದಳು, ಸಿದ್ದೇಶನ ಕೈಯಲ್ಲಿ ಹಲ್ಲಿನ ಗುರುತಿತ್ತು. "ಹೊಂದ್ಕಂಡ್ರಾ ಬೀರಜ್ಜ?" ಎಂದು ನಾನು ಕೇಳಿದರೆ, "ಮರಿಗಿನ್ನಾ ಹಲ್ಲು ಬಂದಿರಲ್ಲ ಕಣವ್ವ, ಅದ್ಕೇ ನಡೀತದೆ" ಎಂದು ತನ್ನ ಶಾಸ್ತ್ರವನ್ನು ಉಳಿಸಿಕೊಂಡ.

ಉಳಿದದ್ದು ಮೀಸೆ. ಆ ಮೀಸೆಯ ಮೇಲೆ ಸಿದ್ದೇಶನಿಗೆ ಎಷ್ಟು ಪ್ರೀತಿಯಿತ್ತು ಎಂಬುದು ಅದರ ಎಣ್ಣೆ ನೋಡಿದರೇ ತಿಳಿಯುತ್ತಿತ್ತು. ಆದರೂ ಒಂದು ಬೆಳಿಗ್ಗೆ ಹೋಗಿ ಬೋಳಿಸಿಕೊಂಡು ಬಂದ. ಮೇಲಿನ ತುಟಿ ಸುಲಿದ ಆಲೂಗಡ್ಡೆಯ ಹಾಗೆ ಬೆಳ್ಳಗಿತ್ತು. ನಾವೆಲ್ಲ ಕಿಟಕಿಯ ಹತ್ತಿರ ಕಾದೆವು. ಭೂಮಿಕಾ ಅವನನ್ನು ಒಮ್ಮೆ ನೋಡಿ ನೇರ ಫೋನಿನ ಹತ್ತಿರ ಬಂದು, ಯಾರ ಕರೆಯೂ ಇರದಿದ್ದರೂ ಅದಕ್ಕೇ ಹೇಳಿದಳು.

"ಅಪ್ಪಾ, ಮೀಸೆ ಮಾವ ಹೋದ. ಈಗ ಇನ್ನೊಬ್ಬ ಬಂದವ್ನೆ."

ತಿಪ್ಪೇಸ್ವಾಮಿ ಮೇಷ್ಟ್ರು ನಗು ತಡೆಯಲಾರದೆ ಕರಿಹಲಗೆಯ ಕಡೆ ತಿರುಗಿ ಸುಮ್ಮನೆ ಏನನ್ನೋ ಬರೆಯತೊಡಗಿದರು. ನಾನೂ ನಕ್ಕೆ. ನಕ್ಕ ಮೇಲೆ ಹೊರಗೆ ಬಂದು ನೋಡಿದರೆ ಸಿದ್ದೇಶ ನಲ್ಲಿಯ ಹತ್ತಿರ ಕೂತಿದ್ದ.

"ಮಿಸ್, ರಜೆ ಖಾಲಿ ಆಗ್ತಾ ಐತೆ. ವಾಪಸ್ ಹೋಗಾದ್ರಾಗೆ ಒಂದ್ಸಲ ನನ್ನ ಮಖ ನೋಡಿ ಅಪ್ಪ ಅಂದ್ರೆ ಸಾಕು ಅನ್ಸುತ್ತೆ. ಫೋನಿಗೆ ಅಂತಾಳೆ, ನನಗೆ ಅನ್ನಲ್ಲ. ಆ ಫೋನಿನೋನ ಮ್ಯಾಲೆ ನನಗೆ ಹೊಟ್ಟೆಕಿಚ್ಚಾಗದೆ ಮಿಸ್."

ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವವನನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಹೆಂಡತಿ ಪವಿತ್ರ, ಇವನೇ ನಿಮ್ಮಪ್ಪ ಎಂದು ಹೇಳಿ ಹೇಳಿ ಸೋತಿದ್ದಳು. "ಸುಳ್ಳು, ಅಪ್ಪ ಬಾರ್ಡರಿನಾಗೆ ಐತೆ" ಎಂದು ಮಗಳು ತಾಯಿಗೇ ಬುದ್ಧಿ ಹೇಳುತ್ತಿದ್ದಳಂತೆ. ಬಾರ್ಡರ್ ಎಂಬ ಪದವನ್ನು ಅವಳ ತಲೆಗೆ ತುಂಬಿದ್ದು ಯಾರು? ನಾವೇ.

ಆಗ ತಿಪ್ಪೇಸ್ವಾಮಿ ಮೇಷ್ಟ್ರು ಒಂದು ಉಪಾಯ ತೆಗೆದರು. ಭೂಮಿಕಾ ಫೋನನ್ನು ನಂಬುತ್ತಾಳಲ್ಲ, ಫೋನೇ ಇವನಿಗೆ ಶಿಫಾರಸು ಮಾಡಲಿ. ಮಾರನೆಯ ದಿನದಿಂದ ಸಿದ್ದೇಶ ಬಸ್‌ಸ್ಟಾಪಿನ ಟೀ ಅಂಗಡಿಯಿಂದ ದಿನಾ ಶಾಲೆಗೆ ಫೋನ್ ಮಾಡತೊಡಗಿದ. "ಮನೇಗೆ ಬಂದವ್ನಲ್ಲ, ಅವ್ನು ನನ್ನ ಫ್ರೆಂಡ್ ಕಣವ್ವ. ಬಾಳ ಒಳ್ಳೇವ್ನು. ಬಿಸ್ಕತ್ತು ಕೊಟ್ರೆ ಇಸ್ಕ" ಎಂದು ತನ್ನನ್ನು ತಾನೇ ಹೊಗಳಿಕೊಂಡ. ಬೀರಜ್ಜನ ಮನೆಯವರಲ್ಲಿ ಹೊಗಳಿಕೊಳ್ಳುವ ಗುಣವೇ ಇಲ್ಲ. ಪಾಪ, ಅವನು ಕಲಿತ.

ಉಪಾಯ ಫಲಿಸಿತು, ಬೇಕಾದದ್ದಕ್ಕಿಂತ ಹೆಚ್ಚೇ ಫಲಿಸಿತು. ಭೂಮಿಕಾ ಬಿಸ್ಕತ್ತು ಇಸಿದುಕೊಂಡಳು. ಅವನ ಬೈಕಿನ ಟ್ಯಾಂಕಿನ ಮೇಲೆ ಕೂತು ರಾಮಗಿರಿ ತನಕ ಹೋಗಿಬಂದಳು. ಮಗು ಹೆದರೀತೆಂದು ಅವನು ಎದುರಿಗೆ ಮೆಲುದನಿಯಲ್ಲೇ ಮಾತಾಡುತ್ತಿದ್ದ, ಹೀಗಾಗಿ ಫೋನಿನ ಕೂಗು ಇವನದೇ ಎಂದು ಅವಳಿಗೆ ಹೊಳೆಯಲಿಲ್ಲ. ಅವನ ಹೆಗಲೇರಿ ಶಾಲೆಗೆ ಬಂದಳು. ಹೆಗಲ ಮೇಲಿಂದ ನನಗೆ ಪರಿಚಯವನ್ನೂ ಮಾಡಿಸಿದಳು: "ಮಿಸ್, ಇವ್ನು ನಮ್ಮಪ್ಪನ ಫ್ರೆಂಡು." ಅಪ್ಪನ ಫ್ರೆಂಡು ನನ್ನ ಕಡೆ ನೋಡಿ ನಕ್ಕ, ಆ ನಗು ನನಗೆ ಇವತ್ತಿಗೂ ನೆನಪಿದೆ. ಹೊಳೆ ದಾಟಿಸುತ್ತೇವೆಂದು ಹೋಗಿ ನಡುಹೊಳೆಯಲ್ಲಿ ನಿಲ್ಲಿಸಿದ್ದೆವು. ಈಗ ಅವನೇ ಅಪ್ಪ ಎಂದರೆ ಫೋನು ಸುಳ್ಳು ಹೇಳಿದ ಹಾಗೆ. ಫೋನು ಸುಳ್ಳು ಹೇಳುತ್ತದೆ ಎಂದಾದರೆ, ಅವನು ವಾಪಸ್ ಹೋದ ಮೇಲೆ ಅವಳಿಗೆ ಉಳಿಯುವುದಾದರೂ ಏನು? ನಾನೂ ಮೇಷ್ಟ್ರೂ ಒಬ್ಬರನ್ನೊಬ್ಬರು ಬೈದುಕೊಂಡೆವು, ಅದರಿಂದ ಮನಸ್ಸಿಗೆ ಸ್ವಲ್ಪ ಹಗುರವಾಯಿತು.

ರಜೆಯ ಕೊನೆಯ ದಿನವೂ ಬಂತು. ಮಾರನೆಯ ದಿನ ಚಿಕ್ಕಜಾಜೂರಿಗೆ ಹೋಗಿ ರೈಲು ಹಿಡಿಯಬೇಕು. ಸಿದ್ದೇಶ ಎಂದಿನಂತೆ ಟೀ ಅಂಗಡಿಗೆ ಹೋದನಂತೆ. ಅಲ್ಲಿ ಈರುಳ್ಳಿ ಮಾರುವ ಟೆಂಪೋ ಬಂದು ನಿಂತು ಮೈಕಿನಲ್ಲಿ ಕೂಗುತ್ತಿತ್ತು. ಆ ಗಲಾಟೆಯಲ್ಲಿ ಮಾತು ಕೇಳಿಸದೆಂದು ಅವನು ಜಾಗ ಹುಡುಕುತ್ತಾ ಬಂದು ಶಾಲೆಯ ಹಿಂದಿನ ಬಂಡೆಗುಂಡಿನ ಮೇಲೆ ಹತ್ತಿ ನಿಂತಿದ್ದಾನೆ. ಎಲ್‌ಕೆಜಿ ರೂಮಿನ ಕಿಟಕಿ ಅದೇ ಗುಂಡಿನ ಎದುರಿಗೆ ಎಂಬುದು ಅವನ ತಲೆಗೆ ಹೊಳೆದಿಲ್ಲ. ಒಳಗಿದ್ದ ನಮಗೂ ಗೊತ್ತಿಲ್ಲ.

ಫೋನು ಬಂತು. ಮಕ್ಕಳು ಎದ್ದು ನಮಸ್ಕಾರ ಅಪ್ಪಾ ಎಂದರು. "ಚೆನ್ನಾಗಿದೀಯೇನವ್ವ?" ಎಂಬ ಕೂಗು ಮೊದಲು ಕಿಟಕಿಯಿಂದ ಒಳಗೆ ಬಂತು, ಒಂದು ಚಣ ಬಿಟ್ಟು ಫೋನಿನಿಂದ ಬಂತು. ಭೂಮಿಕಾ ತಲೆ ಓರೆ ಮಾಡಿದಳು.

"ಮಿಸ್, ಅಪ್ಪ ಎರಡು ಸಲ ಮಾತಾಡ್ತೈತೆ."

"ಸಿಗ್ನಲ್ ಸರಿ ಇಲ್ಲ ಕಣೆ" ಎಂದೆ ನಾನು, ಮಹಾ ಬುದ್ಧಿವಂತೆ.

ಅವಳು ನನ್ನ ಮಾತನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಬೆಂಚನ್ನು ಎಳೆದುಕೊಂಡು ಕಿಟಕಿಗೆ ಆನಿಸಿ, ಅದರ ಮೇಲೆ ಹತ್ತಿ ಸರಳು ಹಿಡಿದು ಹೊರಗೆ ನೋಡಿದಳು. ನಾವೂ ನೋಡಿದೆವು. ಗುಂಡಿನ ಮೇಲೆ ಅಪ್ಪನ ಫ್ರೆಂಡು ನಮಗೆ ಬೆನ್ನು ಮಾಡಿ, ಫೋನ್ ಕಿವಿಗೆ ಒತ್ತಿಕೊಂಡು, ಎದುರಿನ ಗುಡ್ಡಕ್ಕೆ ಕೇಳಿಸುವ ಹಾಗೆ ಮಾತಾಡುತ್ತಿದ್ದ. ಭೂಮಿಕಾ ಅವನನ್ನು ನೋಡಿದಳು, ಫೋನನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಆಮೇಲೆ ಫೋನಿಗೆ ಬಾಯಿಟ್ಟಳು.

"ಅಪ್ಪಾ, ಕೈ ಎತ್ತು."

"ಯಾಕವ್ವ?"

"ಎತ್ತು."

ಗುಂಡಿನ ಮೇಲೆ ಒಂದು ಕೈ ಮೇಲೆದ್ದಿತು. ತರಗತಿಯಲ್ಲಿ ಯಾರೋ ಕಿಸಕ್ ಎಂದರು, ನಾನು ಕಣ್ಣು ಬಿಟ್ಟೆ.

"ಇಳಿಸು." ಕೈ ಇಳಿಯಿತು. "ಕುಂತ್ಕ." ಸಿದ್ದೇಶ ಕುಳಿತ. "ಎದ್ದೇಳು." ಎದ್ದ. "ಕುಣಿ." ಅವನು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆ ಕಡೆ ಈ ಕಡೆ ಕಣ್ಣು ಹಾಯಿಸಿ, ಗುಂಡಿನ ಮೇಲೆ ಎರಡು ಹೆಜ್ಜೆ ಕುಣಿದ. ಇಡೀ ತರಗತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬೆಂಚುಗಳ ಮೇಲೆ ನಿಂತಿತ್ತು. ಬಾಗಿಲಲ್ಲಿ ಬಂದು ನಿಂತಿದ್ದ ತಿಪ್ಪೇಸ್ವಾಮಿ ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿದ್ದು ಮುರಿಯಿತು. ದೇಶ ಕಾಯುವ ಸಿಪಾಯಿಗೆ ಅಂಗೈಯಗಲದ ಹುಡುಗಿ ಪರೇಡ್ ಮಾಡಿಸುತ್ತಿದ್ದಳು, ಯಾತಕ್ಕೆ ಎಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಾಗಿತ್ತು.

"ತಿರುಗು" ಎಂದಳು ಭೂಮಿಕಾ.

ಅವನು ತಿರುಗಿದ. ಕಿಟಕಿಯ ಸರಳುಗಳ ನಡುವೆ ಮಗಳ ಮುಖ ಕಂಡಿತು, ಅವಳ ಹಿಂದೆ ನಾವೆಲ್ಲರೂ ಕಂಡೆವು. ಕಿವಿಯ ಹತ್ತಿರವಿದ್ದ ಫೋನು ಅಲ್ಲೇ ಇತ್ತು. ಭೂಮಿಕಾ ಅವನನ್ನು ನೆತ್ತಿಯಿಂದ ಕಾಲಿನವರೆಗೆ ಒಂದು ಸಲ ನೋಡಿ ಮುಗಿಸಿದಳು. ಆಮೇಲೆ ಫೋನಿನ ಹತ್ತಿರ ಬಗ್ಗಿ, ಬಾರ್ಡರಿನಲ್ಲಿದ್ದ ಅಪ್ಪನಿಗೆ ಬೇಜಾರಾಗದ ಹಾಗೆ ಮೆಲ್ಲಗೆ ಹೇಳಿದಳು:

"ಫೋನ್ ಇಡ್ತೀನಿ. ನಮ್ಮಪ್ಪ ಬಂದೈತೆ."